ಬಂಗಾರಪೇಟೆಗೆ ರೈಲು ನೋಡೋಕೆ ಹೋಗುವವರಿಗೆ

ನನ್ನ ಮಗನಿಗೆ ಒಂಬತ್ತು ವರ್ಷ. ಭಾನುವಾರ ಬಂದರೆ ಅವನ ಕ್ಲಾಸಿನ ಮಕ್ಕಳು ಮಾಲ್‌ಗೆ ಹೋಗೋಣ ಅಂತ ಹಠ ಹಿಡಿಯುತ್ತಾರೆ. ಇವನು ಬಂಗಾರಪೇಟೆ ಸ್ಟೇಷನ್ನಿಗೆ ಹೋಗೋಣ ಅಂತಾನೆ. ಮಾಲ್‌ಗಿಂತ ಖರ್ಚು ಕಡಿಮೆ, ಹಾಗಾಗಿ ನಾನೂ ಬೇಡ ಅನ್ನುವುದಿಲ್ಲ.

ಬಂಗಾರಪೇಟೆ ನನ್ನ ತವರು. ಅಪ್ಪ ಇಪ್ಪತ್ತೆಂಟು ವರ್ಷ ಅಲ್ಲಿಂದ ಬೆಂಗಳೂರಿನ ಫ್ಯಾಕ್ಟರಿಗೆ ಸೀಸನ್ ಪಾಸಿನಲ್ಲಿ ಓಡಾಡಿದವರು. ಚಿಕ್ಕವಳಿದ್ದಾಗ ನನಗೆ ರೈಲು ಅಂದರೆ ಅಪ್ಪ ಮನೆಗೆ ಬರುವ ಹೊತ್ತು, ಅಷ್ಟೇ. ಅದನ್ನು ನಿಂತು ನೋಡುವವರು ಇದ್ದಾರೆ, ನಂಬರ್ ಬರೆದುಕೊಳ್ಳುವವರು ಇದ್ದಾರೆ ಅಂತ ಗೊತ್ತಾಗಿದ್ದೇ ಮಗನಿಂದ. ಈಗ ಕೆ.ಆರ್.ಪುರದ ನಮ್ಮ ಬಿಲ್ಡಿಂಗಿನಲ್ಲಿ ಇನ್ನೆರಡು ಮಕ್ಕಳಿಗೆ ಈ ಹುಚ್ಚು ಅಂಟಿದೆ. ಅವರ ಅಮ್ಮಂದಿರು ಹೇಗೆ ಹೋಗೋದು, ಅಲ್ಲೇನು ಮಾಡೋದು, ಬಾತ್‌ರೂಮ್ ಗತಿ ಏನು ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಬೆಂಗಳೂರಿನಲ್ಲೇ ಇಷ್ಟೊಂದು ಸ್ಟೇಷನ್ ಇರುವಾಗ ಬಂಗಾರಪೇಟೆ ಯಾಕೆ? ಮೆಜೆಸ್ಟಿಕ್‌ನಲ್ಲಿ ರೈಲು ತೆವಳುತ್ತಾ ಬಂದು ನಿಲ್ಲುತ್ತದೆ, ಜನ ಮುಗಿಬೀಳುತ್ತಾರೆ, ಇಂಜಿನ್ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಬಂಗಾರಪೇಟೆಯಲ್ಲಿ ಹಾಗಲ್ಲ. ಅಲ್ಲಿ ನಿಲ್ಲದ ರೈಲುಗಳು ಕಣ್ಣ ಮುಂದೆಯೇ ಪೂರ್ತಿ ವೇಗದಲ್ಲಿ ಹಾದುಹೋಗುತ್ತವೆ. ಅದರ ಮೇಲೆ ನಾಲ್ಕು ಕಡೆಯ ಹಳಿ: ಒಂದು ಬೆಂಗಳೂರಿಗೆ, ಒಂದು ಜೋಲಾರಪೇಟೆ ಮೇಲೆ ಚೆನ್ನೈಗೆ, ಒಂದು ಕೆಜಿಎಫ್ ದಾಟಿ ಮಾರಿಕುಪ್ಪಂಗೆ, ಇನ್ನೊಂದು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ. ಮೆಮು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ಕರೆಂಟ್ ರೈಲು, ಅವುಗಳ ಶೆಡ್ ಕೂಡ ಇದೇ ಊರಲ್ಲಿದೆ. ಇಷ್ಟಾದರೂ ಊರು ಚಿಕ್ಕದು. ಸ್ಟೇಷನ್ನಿನಿಂದ ಹೊರಗೆ ಬಂದರೆ ಪೇಟೆ ಕಾಲ್ನಡಿಗೆಯಲ್ಲೇ ಸಿಗುತ್ತದೆ.

ಸ್ಟೇಷನ್ನಿನ ಕೋಡ್ ಬಿಡಬ್ಲ್ಯುಟಿ. ಬಂಗಾರಪೇಟೆಗೂ ಈ ಅಕ್ಷರಗಳಿಗೂ ಏನು ಸಂಬಂಧ ಅಂತ ಮಗ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ, ಅಪ್ಪ ಹೇಳಿದರು. ಹಿಂದೆ ಊರಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಅದು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯೂ ಅದೇ ಬೌರಿಂಗ್. ಊರು ಹೆಸರು ಬದಲಾಯಿಸಿಕೊಂಡಿತು, ರೈಲ್ವೆಯವರ ಕೋಡ್ ಮಾತ್ರ ಹಾಗೇ ಉಳಿದುಕೊಂಡಿದೆ. ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ಹಳಿ ಬಂದದ್ದು 1864ರಲ್ಲಿ, ಅಂದರೆ ಬೆಂಗಳೂರು ಮೊದಲು ರೈಲು ಕಂಡದ್ದೇ ಈ ದಾರಿಯಲ್ಲಿ. ಚಿನ್ನದ ಗಣಿಗಾಗಿ ಕೆಜಿಎಫ್ ಕವಲು ಆದದ್ದು 1894ರಲ್ಲಿ. ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಹಾಕಿದ್ದರು. ಅದನ್ನು ದೊಡ್ಡದು ಮಾಡಿದ ಮೇಲೂ ಎಷ್ಟೋ ವರ್ಷ ಕೋಲಾರಕ್ಕೆ ರೈಲ್ ಬಸ್ ಅಂತ ಒಂದು ಓಡುತ್ತಿತ್ತು. ನೋಡೋಕೆ ಥೇಟ್ ಬಸ್ಸೇ, ಹಳಿ ಮೇಲೆ ಹೋಗುತ್ತಿತ್ತು. ಅದು ನಿಂತುಹೋಯಿತು. ಅದರಲ್ಲಿ ಕೂರಿಸಲಿಲ್ಲ ಅಂತ ಮಗ ಇವತ್ತಿಗೂ ನನ್ನ ಮೇಲೆ ಮುನಿಸಿಕೊಳ್ಳುತ್ತಾನೆ, ಅವನು ಹುಟ್ಟೋಕೆ ಮುಂಚಿನ ಮಾತು ಅಂದರೂ ಕೇಳೋದಿಲ್ಲ.

ಈಗ ಹೋಗುವ ವಿಚಾರ. ಮೆಜೆಸ್ಟಿಕ್, ಕಂಟೋನ್ಮೆಂಟ್, ಕೆ.ಆರ್.ಪುರ, ವೈಟ್‌ಫೀಲ್ಡ್, ಯಾವುದು ಹತ್ತಿರವೋ ಅಲ್ಲಿ ಹತ್ತಬಹುದು. ಊರಿನ ಆ ತುದಿಯಲ್ಲಿರುವವರು ನೇರಳೆ ಮೆಟ್ರೋದಲ್ಲಿ ಕೆ.ಆರ್.ಪುರಕ್ಕೆ ಬಂದು ಇಳಿದರೆ ತೂಗುಸೇತುವೆಯ ಪಕ್ಕದಲ್ಲೇ ರೈಲ್ವೆ ಸ್ಟೇಷನ್. ಬೆಳಿಗ್ಗೆ ಜನರ ನೂಕುನುಗ್ಗಲು ಎಲ್ಲ ಬೆಂಗಳೂರಿನ ಕಡೆಗೆ. ನೀವು ಹೋಗೋದು ಅದಕ್ಕೆ ಎದುರು, ಆದ್ದರಿಂದ ಸಾಮಾನ್ಯವಾಗಿ ಸೀಟು ಸಿಗುತ್ತದೆ. ಎಕ್ಸ್‌ಪ್ರೆಸ್ ಬಿಟ್ಟು ಮೆಮು ಹಿಡಿಯಿರಿ. ಅದು ಹೂಡಿ, ದೇವನಗೊಂದಿ, ಮಾಲೂರು, ಟೇಕಲ್ ಅಂತ ನಿಂತು ನಿಂತು ಹೋಗುತ್ತದೆ. ಮಕ್ಕಳಿಗೆ ಅರ್ಧ ಮಜಾ ದಾರಿಯಲ್ಲೇ ಮುಗಿಯುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಡಿಪೊ, ದೇವನಗೊಂದಿಯಲ್ಲಿ ಪೆಟ್ರೋಲ್ ಟ್ಯಾಂಕರ್‌ಗಳ ಸಾಲು, ಮಾಲೂರು ಸುತ್ತ ಇಟ್ಟಿಗೆ, ಹೆಂಚಿನ ಫ್ಯಾಕ್ಟರಿಗಳು, ಟೇಕಲ್ ಹತ್ತಿರ ಒಂದರ ಮೇಲೊಂದು ಕೂತ ಬಂಡೆಗಳು.

ಟಿಕೆಟ್ಟಿನಲ್ಲಿ ಮೂರು ವಿಷಯ ನೆನಪಿರಲಿ. ಮೆಮುಗೆ ಕೊಳ್ಳುವ ಆರ್ಡಿನರಿ ಟಿಕೆಟ್ ಎಕ್ಸ್‌ಪ್ರೆಸ್ಸಿಗೆ ಆಗುವುದಿಲ್ಲ. ಸೂಪರ್‌ಫಾಸ್ಟ್‌ಗೆ ಮತ್ತೂ ಸ್ವಲ್ಪ ಜಾಸ್ತಿ ಕೊಡಬೇಕು. ಎರಡನೆಯದು, 200 ಕಿಲೋಮೀಟರಿನೊಳಗಿನ ಜನರಲ್ ಟಿಕೆಟ್ ತೆಗೆದುಕೊಂಡರೆ ಮೂರು ಗಂಟೆಯೊಳಗೆ ಅಥವಾ ಆಮೇಲಿನ ಮೊದಲ ರೈಲಿಗೆ ಹೊರಟುಬಿಡಬೇಕು. ಹಾಗಾಗಿ ವಾಪಸ್ ಟಿಕೆಟ್ಟನ್ನು ಬೆಳಿಗ್ಗೆಯೇ ಕೊಂಡು ಇಟ್ಟುಕೊಳ್ಳಬೇಡಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಬಂಗಾರಪೇಟೆಯಲ್ಲಿ ಇಳಿದ ಕೂಡಲೇ ನಿಮ್ಮ ಟಿಕೆಟ್ ಕೆಲಸ ಮುಗಿಯಿತು. ಅಲ್ಲೇ ಕೂತು ರೈಲು ನೋಡಬೇಕಾದರೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಳ್ಳಿ. ಹತ್ತು ರೂಪಾಯಿ, ಎರಡು ಗಂಟೆ ನಡೆಯುತ್ತದೆ. ನಾನಂತೂ ಇಳಿದವಳೇ ಹೊರಗೆ ಹೋಗಿ, ತಿಂಡಿ ತಿನ್ನಿಸಿ, ಬಾತ್‌ರೂಮ್ ಕೆಲಸ ಮುಗಿಸಿ, ಆಮೇಲೆ ಆ ಟಿಕೆಟ್ ಕೊಳ್ಳುತ್ತೇನೆ. ಎರಡು ಗಂಟೆ ಪೂರ್ತಿ ಸಿಗುತ್ತದೆ.

ಕೂರುವ ಜಾಗ ಎಲ್ಲಕ್ಕಿಂತ ಮುಖ್ಯ. ಮೊದಲ ಸಲ ನಾವು ಮಾಡಿದ ತಪ್ಪು ಓಡಾಟ. ಅಲ್ಲಿ ಹಾರ್ನ್ ಕೇಳಿದರೆ ಅಲ್ಲಿಗೆ, ಇಲ್ಲಿ ಅನೌನ್ಸ್ ಆದರೆ ಇಲ್ಲಿಗೆ, ಮೇಲ್ಸೇತುವೆ ಹತ್ತಿ ಇಳಿದು ನನ್ನ ಮಂಡಿ ಹೋಯಿತು. ಪ್ರತಿ ಸಲವೂ ನಾವು ಮೆಟ್ಟಿಲ ಮೇಲಿರುವಾಗಲೇ ರೈಲು ಹೋಗಿಬಿಡುತ್ತಿತ್ತು. ಅಪ್ಪ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ಮೊಮ್ಮಗನನ್ನು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ಸುಮ್ನೆ ಕೂತ್ಕೊಳ್ಳೋ ಪುಟ್ಟ. ನೀನು ಓಡಿದ್ರೆ ರೈಲೇನು ಬೇಗ ಬರಲ್ಲ." ಅವತ್ತಿನಿಂದ ನಮ್ಮ ಪದ್ಧತಿ ಅದೇ. ನೆರಳಿರುವ ಒಂದು ಬೆಂಚು, ಬೆಂಗಳೂರಿನ ಕಡೆ ತುದಿಗೆ ಹತ್ತಿರ, ಮುಂದೆ ಸ್ಟಾರ್ಟರ್ ಸಿಗ್ನಲ್ ಕಾಣಬೇಕು. ಅಲ್ಲಿಂದ ಏಳುವುದು ನೀರು ಕುಡಿಯೋಕೆ ಮಾತ್ರ. ಹತ್ತು ರೈಲನ್ನು ಅಟ್ಟಿಸಿಕೊಂಡು ಹೋಗಿ ಬಾಲ ನೋಡುವುದಕ್ಕಿಂತ ಕೂತಲ್ಲೇ ನಾಲ್ಕನ್ನು ಪೂರ್ತಿ ನೋಡಬಹುದು.

ಸಿಗ್ನಲ್ ಓದುವುದು ಕಲಿತರೆ ಅನೌನ್ಸ್‌ಮೆಂಟ್ ಬೇಕಾಗಿಲ್ಲ. ಬರುವ ರೈಲಿಗೆ ಒಳಗೆ ಬಾ ಅನ್ನುವುದು ಹೋಮ್ ಸಿಗ್ನಲ್. ಅದರ ಮುಖ ಡ್ರೈವರ್ ಕಡೆಗಿರುತ್ತದೆ, ನಮಗೆ ಬೆನ್ನು. ಪ್ಲಾಟ್‌ಫಾರ್ಮ್ ದಾಟಿ ಮುಂದಿರುವುದು ಸ್ಟಾರ್ಟರ್, ಹೊರಡು ಅನ್ನುವುದಕ್ಕೆ. ರೈಲು ಇನ್ನೂ ಬಂದೇ ಇಲ್ಲ, ಆಗಲೇ ಸ್ಟಾರ್ಟರ್ ಹಸಿರಾಗಿದೆ ಅಂದರೆ ಹೆಚ್ಚಾಗಿ ಅದು ನಿಲ್ಲದ ಗಾಡಿ. ರೈಲಿನವರ ಭಾಷೆಯಲ್ಲಿ 'ಥ್ರೂ'. ಸ್ಟಾರ್ಟರ್ ಕೆಂಪಲ್ಲೇ ಇದ್ದರೆ ಬರುವುದು ನಿಲ್ಲುತ್ತದೆ. ಮಕ್ಕಳು ಇದನ್ನು ಅರ್ಧ ಗಂಟೆಯಲ್ಲಿ ಹಿಡಿದುಬಿಡುತ್ತಾರೆ. ಆಮೇಲೆ ನಿಮಗೇ ಪಾಠ ಹೇಳುತ್ತಾರೆ, ಕೇಳಿಸಿಕೊಳ್ಳಬೇಕು.

ಥ್ರೂ ಗಾಡಿ ಬರುವಾಗ ಸ್ಟೇಷನ್ನಿನವರೊಬ್ಬರು ಹಸಿರು ಬಾವುಟ ಹಿಡಿದು ನಿಲ್ಲುತ್ತಾರೆ. ಸುಮ್ಮನೆ ಶಾಸ್ತ್ರಕ್ಕೆ ನಿಂತಿದ್ದಾರೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಹಾದುಹೋಗುವ ರೈಲಿನ ಕೆಳಗೆ ಏನಾದರೂ ಜೋತಾಡುತ್ತಿದೆಯಾ, ಚಕ್ರದ ಹತ್ತಿರ ಹೊಗೆ ಬರುತ್ತಿದೆಯಾ ಅಂತ ನೋಡುತ್ತಾರೆ. ಕೊನೆಯ ಡಬ್ಬಿಯ ಹಿಂದೆ ದೊಡ್ಡ ಗುಣಾಕಾರದ ಗುರುತು ಇರುತ್ತದಲ್ಲ, ಅದನ್ನೂ ನೋಡುತ್ತಾರೆ. ಅದು ಕಂಡರೆ ರೈಲು ಪೂರ್ತಿ ಹೋಯಿತು, ನಡುವೆ ಕಳಚಿ ಉಳಿದಿಲ್ಲ ಅಂತ ಅರ್ಥ. ಇದು ಗೊತ್ತಾದ ಮೇಲೆ ನನ್ನ ಮಗ ಪ್ರತಿ ಗಾಡಿಯ ಹಿಂದೆ "ಎಕ್ಸ್ ಇದೆ!" ಅಂತ ಕೂಗುತ್ತಾನೆ. ಒಂದು ಸಲ ಬಾವುಟ ಹಿಡಿದವರು ತಿರುಗಿ ನೋಡಿ, ನಕ್ಕು, ಹೌದು ಅಂತ ತಲೆಯಾಡಿಸಿದರು. ಆ ವಾರವಿಡೀ ಮನೆಯಲ್ಲಿ ಅದೇ ಸುದ್ದಿ.

ಯಾವ ಹೊತ್ತಿಗೆ ಹೋಗಬೇಕು? ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದು, ಇಲ್ಲವೇ ಮಧ್ಯಾಹ್ನ ಮೂರರಿಂದ ಆರು. ಬೆಳಿಗ್ಗೆ ಚೆನ್ನೈ ಕಡೆಯಿಂದ ವಂದೇ ಭಾರತ್, ಶತಾಬ್ದಿ ಬರುತ್ತವೆ. ಮಧ್ಯಾಹ್ನದ ಮೇಲೆ ಅವೇ ಚೆನ್ನೈಗೆ ವಾಪಸ್, ಜೊತೆಗೆ ಬೃಂದಾವನ. ಸಂಜೆ ಕಡೆಗೆ ಬೆಂಗಳೂರಿನಿಂದ ಬರುವ ಮೆಮುಗಳು ಜನರನ್ನು ಸುರಿಯುತ್ತವೆ. ಟೈಮ್ ಬದಲಾಗುತ್ತಿರುತ್ತದೆ, ವಾರದಲ್ಲಿ ಒಂದು ದಿನ ಓಡದ ಗಾಡಿಗಳೂ ಇವೆ. ಹಿಂದಿನ ರಾತ್ರಿ ಫೋನಿನಲ್ಲಿ ನೋಡಿಕೊಳ್ಳಿ. ಗೂಡ್ಸ್‌ಗೆ ಮಾತ್ರ ಟೈಮ್‌ಟೇಬಲ್ ನೋಡುವ ಹಾಗಿಲ್ಲ. ನಮ್ಮವನಿಗೆ ಅದೇ ಜಾಸ್ತಿ ಇಷ್ಟ, ಯಾಕೆಂದರೆ ಏನು ಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ವಂದೇ ಭಾರತ್ ಬಗ್ಗೆ ಒಂದು ಮಾತು. ಚೆನ್ನೈ–ಮೈಸೂರು ನಡುವಿನ ಈ ಗಾಡಿ 2022ರ ನವೆಂಬರ್ 11ರಂದು ಶುರುವಾಯಿತು. ದಕ್ಷಿಣ ಭಾರತಕ್ಕೆ ಅದೇ ಮೊದಲನೆಯದು. ಬಂಗಾರಪೇಟೆಯಲ್ಲಿ ನಿಲ್ಲುವುದಿಲ್ಲ. ಎಲ್ಲರೂ ಅದರ ಮುಖದ ಫೋಟೊ ತೆಗೆಯೋಕೆ ಹೋಗಿ ಕಪ್ಪು ಕಪ್ಪಾಗಿ ತೆಗೆಯುತ್ತಾರೆ. ಬೆಳಿಗ್ಗೆ ಅದು ಪೂರ್ವದಿಂದ, ಅಂದರೆ ಸೂರ್ಯನ ಕಡೆಯಿಂದಲೇ ಬರುತ್ತದೆ. ಮಧ್ಯಾಹ್ನದ ಮೇಲೆ ಪಶ್ಚಿಮದಿಂದ, ಆಗಲೂ ಬಿಸಿಲು ಅದರ ಬೆನ್ನಿಗೆ. ಉಪಾಯ ಸುಲಭ: ಬರುವಾಗ ಕೈಕಟ್ಟಿಕೊಂಡು ಕಣ್ಣಲ್ಲಿ ನೋಡಿ, ಹೋದ ಮೇಲೆ ತೆಗೆಯಿರಿ. ಅದಕ್ಕೆ ಎರಡೂ ಕಡೆ ಒಂದೇ ಮುಖ. ಬಾಲದ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ನೋಡಿದವರಿಗೆ ಹಿಂದು ಯಾವುದು ಮುಂದು ಯಾವುದು ಗೊತ್ತಾಗುವುದೇ ಇಲ್ಲ.

ಅದು ಬರುವುದನ್ನು ಒಂದು ಸಲ ಹತ್ತಿರದಿಂದ ಹೇಳಿಬಿಡುತ್ತೇನೆ. ಮೊದಲು ಸದ್ದೇ ಇಲ್ಲ. ದೂರದಲ್ಲಿ ಬೆಳಕಿನ ಚುಕ್ಕೆ, ಎಷ್ಟು ಹೊತ್ತಾದರೂ ಅಲ್ಲೇ ಇದ್ದ ಹಾಗೆ. ಆಮೇಲೆ ಹಳಿ ಸಣ್ಣಗೆ ಗುಂಯ್‌ಗುಡುತ್ತದೆ. ಹಾರ್ನ್ ಕೇಳಿಸುವಷ್ಟರಲ್ಲಿ ಮೂತಿ ಎದುರಿಗೇ ಬಂದಿರುತ್ತದೆ. ಟೀ ಕಪ್ಪು, ಕಡಲೆಕಾಯಿ ಸಿಪ್ಪೆ, ಧೂಳು ಎಲ್ಲ ಎದ್ದು ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ ಬೀಳುತ್ತವೆ. ನನ್ನ ಸೆರಗು ಅಪ್ಪನ ಮುಖಕ್ಕೆ. ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದ ಕಂದು ನಾಯಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ಐದು ನಿಮಿಷದ ಮೇಲೆ ಮೆಮು ಬಂತು ನೋಡಿ, ಅದು ಎದ್ದು ಮೈಮುರಿದು ಬಾಗಿಲ ಹತ್ತಿರ ಹೋಗಿ ನಿಂತಿತು. ಬಿಸ್ಕತ್ತು ಯಾವ ಗಾಡಿಯಲ್ಲಿ ಬರುತ್ತದೆ ಅಂತ ಅದಕ್ಕೆ ಗೊತ್ತು.

ಈ ಗಾಳಿಯ ಸೆಳೆತದಿಂದಲೇ ಹಳದಿ ಗೆರೆ ಹಿಂದೆ ನಿಲ್ಲಿ ಅನ್ನುವುದು. ನಾನು ಗೆರೆಯಿಂದ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಬೆಂಚು ನೋಡಿಕೊಳ್ಳುತ್ತೇನೆ, ಥ್ರೂ ಗಾಡಿ ಬರುವಾಗ ಮಗನ ಕೈ ಹಿಡಿದೇ ಇರುತ್ತೇನೆ. ಅವನಿಗೆ ಅವಮಾನ, ಇರಲಿ. ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಉದ್ದದ ಸೆಲ್ಫಿ ಕೋಲು, ಹೊಳೆಯುವ ಬಲೂನು ಏನೂ ಬೇಡ. ಹಳಿ ದಾಟುವುದು, ಹಳಿ ಮೇಲೆ ನಿಂತು ಫೋಟೊ ತೆಗೆಯುವುದಂತೂ ಮಾತೇ ಇಲ್ಲ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಫೋನಿನಲ್ಲಿ ನಾಲ್ಕು ಫೋಟೊ ತೆಗೆದಿದ್ದಕ್ಕೆ ನಮ್ಮನ್ನು ಯಾರೂ ಏನೂ ಅಂದಿಲ್ಲ. ದೊಡ್ಡ ಕ್ಯಾಮೆರಾ, ಟ್ರೈಪಾಡ್ ತರುವವರು ಮೊದಲು ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಕೇಳಿ. ಬೇಡ ಅಂದರೆ ಬೇಡ, ವಾದ ಮಾಡಬೇಡಿ.

ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಡಿ, ಫೋನ್ ಕೊಡಬೇಡಿ. ಏನು ಬರೆಯಬೇಕು ಅಂದರೆ, ಇಂಜಿನ್ ಮೇಲೆ ಐದಂಕಿಯ ನಂಬರ್ ಇರುತ್ತದೆ, ಜೊತೆಗೆ ಅದರ ಜಾತಿ. ಡಬ್ಲ್ಯುಎಪಿ-7 ಅಂತ ಇದ್ದರೆ ಡಬ್ಲ್ಯು ಅಂದರೆ ಅಗಲ ಹಳಿಯದ್ದು, ಎ ಅಂದರೆ ಎಸಿ ಕರೆಂಟಿನದು, ಪಿ ಅಂದರೆ ಪ್ಯಾಸೆಂಜರ್ ಎಳೆಯುವಂಥದ್ದು. ಪಿ ಜಾಗದಲ್ಲಿ ಜಿ ಇದ್ದರೆ ಗೂಡ್ಸ್, ಎ ಜಾಗದಲ್ಲಿ ಡಿ ಇದ್ದರೆ ಡೀಸೆಲ್. ಅದು ಯಾವ ಶೆಡ್ಡಿನದು ಅಂತಲೂ ಬರೆದಿರುತ್ತದೆ. ರಾಯಪುರಂ, ಈರೋಡ್, ಅರಕ್ಕೋಣಂ ಕಾಣುತ್ತವೆ. ಕೃಷ್ಣರಾಜಪುರಂ ಅಂತ ಬಂದರೆ ನಮ್ಮವನು ನೆಂಟರು ಬಂದ ಹಾಗೆ ಕುಣಿಯುತ್ತಾನೆ, ನಮ್ಮ ಏರಿಯಾ ಇಂಜಿನ್ ಅಲ್ವಾ. ಡಬ್ಬಿಗಳ ನಂಬರಿನಲ್ಲಿ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. 19 ಅಂತ ಶುರುವಾದರೆ 2019ರದ್ದು. ತನಗಿಂತ ದೊಡ್ಡ ಡಬ್ಬಿ, ಚಿಕ್ಕ ಡಬ್ಬಿ ಅಂತ ಲೆಕ್ಕ ಹಾಕುತ್ತಾ ಕೂತರೆ ಒಂದು ಗಂಟೆ ನಿಮಗೆ ಬಿಡುವು.

ಇನ್ನು ದಿನಾ ಓಡಾಡುವವರ ಬಗ್ಗೆ. ಅಪ್ಪ ಇಲ್ಲದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನಕ್ಕೆ ಬೆಂಗಳೂರೇ ಗತಿಯಾಯಿತು. ಬೆಳಗಿನ ಜಾವ ಎದ್ದು ಮಾರಿಕುಪ್ಪಂ ಗಾಡಿ ಹಿಡಿದು ರಾತ್ರಿ ಮನೆ ಸೇರುವವರು. ಅಪ್ಪನ ಕಾಲದಲ್ಲಿ ಎಲ್ಲರ ಬಾಯಲ್ಲೂ ಸ್ವರ್ಣ, ಸ್ವರ್ಣ, ಅದು ಅವರು ಓಡಾಡುತ್ತಿದ್ದ ಗಾಡಿಯ ಹೆಸರು. ಡಬ್ಬಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜಾಗ, ಕಾರ್ಡ್ಸ್ ಆಡುವ ಗುಂಪು ಬೇರೆ, ಹೂ ಕಟ್ಟುವ ಹೆಂಗಸರ ಗುಂಪು ಬೇರೆ, ಕನ್ನಡ, ತಮಿಳು, ತೆಲುಗು ಎಲ್ಲ ಒಂದೇ ಬೆಂಚಿನಲ್ಲಿ. ನೀವು ಮಜಾ ನೋಡೋಕೆ ಹೋದ ದಿನ ಅವರಿಗೆ ಕೆಲಸದ ದಿನ. ಸಂಜೆ ಮೆಮು ಬಂದಾಗ ಮೇಲ್ಸೇತುವೆ ಮೆಟ್ಟಿಲ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡು ಫೋಟೊ ತೆಗೆಯಬೇಡಿ, ಬಾಗಿಲಿಗೆ ಅಡ್ಡ ಬರಬೇಡಿ, ದಣಿದು ಇಳಿಯುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಶಿವರಾತ್ರಿ ಹಿಂದೆಮುಂದೆ ಹೋಗುವುದೇ ಬೇಡ. ಕೋಟಿಲಿಂಗೇಶ್ವರಕ್ಕೆ ಹೋಗುವವರು ತುಂಬಿರುತ್ತಾರೆ.

ವಾಪಸ್ ಬರುವಾಗ ನಾನು ಮಾಡಿದ್ದನ್ನು ಮಾಡಬೇಡಿ. ಒಂದು ಭಾನುವಾರ ಮೆಮು ಬಂದು ನಿಂತಿತು, ಫೋನಿನಲ್ಲಿ ಮಾತಾಡುತ್ತಾ ಹತ್ತಿ ಕೂತೆ. ಮುಂದಿನ ಸ್ಟೇಷನ್ ಬೋರ್ಡು ನೋಡಿದರೆ ಬೆಮೆಲ್ ನಗರ! ಬೆಂಗಳೂರಿಗಲ್ಲ, ಮಾರಿಕುಪ್ಪಂಗೆ ಹೊರಟಿದ್ದೇವೆ. ಮಗನ ಕಡೆ ತಿರುಗಿದೆ. ಅವನು ಕಿಟಕಿಗೆ ಮೂಗು ಒತ್ತಿಕೊಂಡು, "ನಂಗೆ ಗೊತ್ತಿತ್ತಮ್ಮ, ನಂಗೆ ಊರುಗಾಂ ನೋಡ್ಬೇಕಿತ್ತು" ಅಂದ. ಬೈಯೋಣ ಅಂದರೆ ಹತ್ತಿದವಳು ನಾನೇ. ಕೋರಮಂಡಲ, ಊರುಗಾಂ, ಚಾಂಪಿಯನ್, ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ, ಬಣ್ಣವೇ ಬೇರೆಯಾದ ಆ ಸೈನೈಡ್ ದಿಬ್ಬಗಳು, ಕೊನೆಗೆ ಮಾರಿಕುಪ್ಪಂನಲ್ಲಿ ಹಳಿಯೇ ಮುಗಿದುಹೋಯಿತು. ಮೆಮುಗೆ ಎರಡೂ ತುದಿಯಲ್ಲಿ ಡ್ರೈವರ್ ಕೋಣೆ ಇರುವುದರಿಂದ ಇಂಜಿನ್ ತಿರುಗಿಸುವ ರಗಳೆ ಇಲ್ಲ. ಡ್ರೈವರ್ ಚೀಲ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಆ ತುದಿಗೆ ಹೋದರು, ನಾನು ಓಡಿಹೋಗಿ ಹೊಸ ಟಿಕೆಟ್ ತಂದೆ, ಅದೇ ಗಾಡಿಯಲ್ಲಿ ವಾಪಸ್. ಹತ್ತುವ ಮೊದಲು ಗಾಡಿಯ ಮುಂಭಾಗದ ಬೋರ್ಡ್ ನೋಡಿ, ಜೊತೆಗೆ ಯಾರನ್ನಾದರೂ ಕೇಳಿ. ಮಗುವನ್ನು ಮಾತ್ರ ಕೇಳಬೇಡಿ.

ಹೊರಡುವ ಮುಂಚೆ ಪೇಟೆಗೆ ಹೋಗಿ ಪಾನಿಪುರಿ ತಿನ್ನಿ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಬಂಗಾರಪೇಟೆ ಪಾನಿಪುರಿ ಅಂತ ಬೋರ್ಡ್ ಹಾಕಿಕೊಂಡಿದ್ದಾರಲ್ಲ, ಅದರ ತವರು ಇದು. ಪಾನಿ ಹಸಿರಾಗಿರುವುದಿಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ನೋಡಿ ಮೋಸ ಹೋಗಬೇಡಿ, ಖಾರ ನೆತ್ತಿಗೇರುತ್ತದೆ. ಮಕ್ಕಳಿಗೆ ಮೊದಲು ಅರ್ಧ ಪೂರಿಯಷ್ಟೇ ಕೊಟ್ಟು ನೋಡಿ. ಮನೆಯವರಿಗೆ ಅಂತ ಪಾರ್ಸಲ್ ಕಟ್ಟಿಸಿಕೊಂಡು ಹೊರಡಬೇಡಿ. ನಾನು ಎರಡು ಸಲ ತಂದು ನೋಡಿದ್ದೇನೆ, ವೈಟ್‌ಫೀಲ್ಡ್ ಬರುವಷ್ಟರಲ್ಲಿ ಪೂರಿ ಮೆತ್ತಗಾಗಿರುತ್ತದೆ.